ಗಂಧಕುಟಿಯಲ್ಲಿ ನನ್ನ ಮೂಗು

ಅಪ್ಪನ ಅಸ್ಥಿಯನ್ನು ಗಂಗೆಯಲ್ಲಿ ಬಿಟ್ಟ ಮರುದಿನ ಅಮ್ಮ, "ಇಷ್ಟು ದೂರ ಬಂದಿದೀವಿ, ಬುದ್ಧ ಇದ್ದ ಜಾಗಾನೂ ನೋಡ್ಕೊಂಡು ಹೋಗೋಣ ಕಣೋ" ಅಂದಳು. ಡಿಸೆಂಬರಿನ ಮಂಜಿನಲ್ಲಿ ಆಟೋ ಹಿಡಿದು ಸಾರನಾಥಕ್ಕೆ ಹೋದೆವು. ಕಾಶಿಯಿಂದ ಸುಮಾರು ಹತ್ತು ಕಿಲೋಮೀಟರ್ ದಾರಿ. ಧಮೇಕ್ ಸ್ತೂಪಕ್ಕೆ ಒಂದು ಸುತ್ತು ಹಾಕಿ ಮೂಲಗಂಧಕುಟಿ ವಿಹಾರದೊಳಗೆ ಬಂದೆವು. ಅನಾಗಾರಿಕ ಧರ್ಮಪಾಲರ ಮಹಾಬೋಧಿ ಸೊಸೈಟಿ ಕಟ್ಟಿಸಿ 1931ರಲ್ಲಿ ತೆರೆದ ವಿಹಾರ ಅದು. ಗೋಡೆಯ ತುಂಬ ಜಪಾನಿನ ಕಲಾವಿದ ಕೊಸೆತ್ಸು ನೊಸು ಬರೆದ ಬುದ್ಧನ ಬದುಕಿನ ಚಿತ್ರಗಳು.

ಅಮ್ಮ ಕಣ್ಣು ಮುಚ್ಚಿ ನಿಂತು, "ಎಷ್ಟು ಒಳ್ಳೆ ಪರಿಮಳ, ಅಲ್ವೇನೋ?" ಎಂದಳು. ಊದುಬತ್ತಿಯ ಹೊಗೆ ನನ್ನ ಮುಖದ ಮುಂದೆಯೇ ಸುಳಿಯುತ್ತಿತ್ತು. ನನಗೆ ಏನೂ ಬರಲಿಲ್ಲ. "ಹೂಂ" ಅಂದೆ.

ಗಂಧಕುಟಿ ಅಂದರೆ ಪರಿಮಳದ ಕೋಣೆ. ಬುದ್ಧ ತಂಗುತ್ತಿದ್ದ ಕೋಣೆಗೆ ಆ ಹೆಸರು. ಅಂಥ ಹೆಸರಿನ ಜಾಗದಲ್ಲಿ ನಿಂತು ಅಮ್ಮನಿಗೆ ಸುಳ್ಳು ಹೇಳಿದ್ದೆ.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹಿಡಿದ ಒಂದು ನೆಗಡಿ ಪೂರ್ತಿ ಬಿಟ್ಟಿರಲಿಲ್ಲ. ಶೂ ಲೇಸ್ ಕಟ್ಟಲು ಬಗ್ಗಿದರೆ ಕೆನ್ನೆ, ಹಣೆ ಭಾರ. ಗಂಟಲ ಹಿಂದೆ ಸದಾ ಇಳಿಯುವ ಕಫ. ಹೆಚ್ಚಾದಾಗಲೆಲ್ಲ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗುತ್ತಿದ್ದೆ. ಒಂದು ವಾರ ಹಗುರ, ಆಮೇಲೆ ಮತ್ತೆ ಅದೇ. ಇದರ ನಡುವೆ ವಾಸನೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಒಲೆಯ ಮೇಲೆ ಹಾಲು ಸೀದು ಹೊಗೆ ಕಂಡ ದಿನ ಗೊತ್ತಾಯಿತು. ಅಪ್ಪ ಹೋದ ಮೇಲೆ ಅಮ್ಮ ಅವರ ಶಾಲನ್ನು ಒಗೆಯದೆ ಹಾಗೇ ಮಡಿಸಿಟ್ಟಿದ್ದಳು. ಅವಳಿಲ್ಲದಾಗ ತೆಗೆದು ಮುಖಕ್ಕೆ ಒತ್ತಿಕೊಂಡೆ. ಬಟ್ಟೆ ಬಟ್ಟೆಯಾಗಿತ್ತು, ಅಷ್ಟೇ.

ಕಾಶಿಯಿಂದ ಬಂದ ಮೇಲೆ ಒಬ್ಬ ಇ.ಎನ್.ಟಿ. ಡಾಕ್ಟರಮ್ಮನ ಹತ್ತಿರ ಹೋದೆ. ಮೂಗಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. "ಬ್ಯಾಕ್ಟೀರಿಯಾ ಇದೆಯಾ ಡಾಕ್ಟ್ರೇ?" ಎಂದು ಕೇಳಿದೆ. "ಇದೆ. ನನ್ನ ಮೂಗಲ್ಲೂ ಇದೆ" ಎಂದರು.

ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ. ಮುಖದ ಮೂಳೆಗಳೊಳಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ. ಅವೇ ಸೈನಸ್. ಅವುಗಳ ಒಳಪದರದ ಸಣ್ಣ ರೋಮಗಳು ಲೋಳೆಯನ್ನು ಸದಾ ಬಾಗಿಲ ಕಡೆಗೆ ಗುಡಿಸುತ್ತಿರುತ್ತವೆ. ಕೆನ್ನೆಯ ಗೂಡಿನ ಬಾಗಿಲು ಮೇಲ್ಗಡೆ ಇದೆ, ಹಾಗಾಗಿ ಅಲ್ಲಿ ಕಸ ಗುಡಿಸುವುದೂ ಕೆಳಗಿನಿಂದ ಮೇಲಕ್ಕೆ. ಒಳಪದರ ಊದಿ ಬಾಗಿಲು ಮುಚ್ಚಿದರೆ ಲೋಳೆ ಒಳಗೇ ನಿಲ್ಲುತ್ತದೆ. ವಾಸನೆ ಹಿಡಿಯುವ ನರಗಳು ಮೂಗಿನ ಚಾವಣಿಯಲ್ಲಿವೆ, ಅಲ್ಲಿಗೆ ಗಾಳಿಯೇ ತಲುಪುವುದಿಲ್ಲ. ಹನ್ನೆರಡು ವಾರ ದಾಟಿದರೆ ಅದು ದೀರ್ಘಕಾಲದ ಸೈನಸೈಟಿಸ್. ಅಜ್ಜಿಯರ ಮಾತಿನಲ್ಲಿ ಪೀನಸ.

ಆರೋಗ್ಯವಂತರ ಸೈನಸ್ಸಿನಲ್ಲಿ ಬ್ಯಾಕ್ಟೀರಿಯಾಗಳೇ ಇರುವುದಿಲ್ಲ ಎಂದು ವೈದ್ಯರು ಬಹಳ ಕಾಲ ನಂಬಿದ್ದರು. ಡಿ.ಎನ್.ಎ. ಮೂಲಕ ಗುರುತು ಹಿಡಿಯುವ ವಿಧಾನ ಬಂದ ಮೇಲೆ ಅಲ್ಲೊಂದು ಊರೇ ಇರುವುದು ಕಂಡಿತು. ಸ್ಟೆಫಿಲೊಕಾಕಸ್, ಕೊರಿನೆಬ್ಯಾಕ್ಟೀರಿಯಂ, ಇನ್ನೂ ಎಷ್ಟೋ. ಹಲವು ಅಧ್ಯಯನಗಳಲ್ಲಿ ರೋಗಿಗಳ ಮೂಗಿನಲ್ಲೂ ಬ್ಯಾಕ್ಟೀರಿಯಾಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಡಿಮೆಯಾಗಿದ್ದದ್ದು ಬಗೆಗಳು. ಊರಿನ ಹತ್ತು ಮನೆತನ ಖಾಲಿಯಾಗಿ ಒಂದೇ ಮನೆಯವರು ಬೀದಿಯೆಲ್ಲ ಆಕ್ರಮಿಸಿದ ಹಾಗೆ. ಅನೇಕ ಸಲ ಆ ಒಂದು ಮನೆ ಸ್ಟೆಫಿಲೊಕಾಕಸ್ ಆರಿಯಸ್ಸಿನದು. ಅದು ಅಂಟಿನ ಪದರ ಕಟ್ಟಿಕೊಂಡು ಅದರಡಿ ಕೂತರೆ ಆಂಟಿಬಯಾಟಿಕ್ ಸರಿಯಾಗಿ ನಾಟುವುದಿಲ್ಲ.

2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು ಇಲಿಗಳಿಗೆ ಮೊದಲು ಆಂಟಿಬಯಾಟಿಕ್ ಕೊಟ್ಟು, ಆಮೇಲೆ ಒಂದು ಜಾತಿಯ ಕೊರಿನೆಬ್ಯಾಕ್ಟೀರಿಯಂ ಮೂಗಿಗೆ ಬಿಟ್ಟರು. ಇಲಿಗಳಿಗೆ ಸೈನಸೈಟಿಸ್ ಬಂತು. ಜೊತೆಗೆ ಲ್ಯಾಕ್ಟೊಬ್ಯಾಸಿಲಸ್ ಸಾಕೆ ಎಂಬ ಇನ್ನೊಂದನ್ನು ಬಿಟ್ಟಾಗ ಅದು ಕಾವಲಿಗೆ ನಿಂತಿತು. ಆದರೆ ಕಳ್ಳನೆಂದು ಹೆಸರಾದ ಆ ಕೊರಿನೆಬ್ಯಾಕ್ಟೀರಿಯಂ ಆಮೇಲಿನ ಅಧ್ಯಯನಗಳಲ್ಲಿ ಆರೋಗ್ಯವಂತರ ಮೂಗಿನಲ್ಲೂ ಧಾರಾಳವಾಗಿ ಸಿಕ್ಕಿತು. ಊತದಿಂದ ಊರು ಕೆಟ್ಟಿತೋ, ಊರು ಕೆಟ್ಟು ಊತ ಬಂತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ನನಗೆ ಇಷ್ಟು ಸಾಕಿತ್ತು. ಎರಡು ವರ್ಷ ನಾನು ಶತ್ರುವನ್ನು ಕೊಲ್ಲುತ್ತಿದ್ದೇನೆ ಅಂದುಕೊಂಡು ಕಾವಲಿನವರನ್ನೂ ಕೊಲ್ಲುತ್ತಿದ್ದೆನೇನೋ. ಡಾಕ್ಟರಮ್ಮ ಬರೆದುಕೊಟ್ಟದ್ದು ಊತ ಇಳಿಸುವ ಸ್ಟೆರಾಯ್ಡ್ ಸ್ಪ್ರೇ, ದಿನಾ ಎರಡು ಹೊತ್ತು ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. "ನಲ್ಲಿ ನೀರು ಬೇಡ, ಕುದಿಸಿ ಆರಿಸಿದ್ದು. ಇದು ತಿಂಗಳುಗಳ ಕೆಲಸ. ಆಗಲೂ ಬಗ್ಗದಿದ್ದರೆ ಆಪರೇಷನ್ ಯೋಚನೆ ಮಾಡೋಣ" ಎಂದರು.

ಸಾರನಾಥದ ಮೊದಲ ಉಪದೇಶದ ಕಥೆ ಬರುವುದು ವಿನಯಪಿಟಕದ ಮಹಾವಗ್ಗದಲ್ಲಿ. ಅದನ್ನು ಓದಲು ಕೂತವನಿಗೆ ಮುಂದೆ ಔಷಧಿಗಳ ಅಧ್ಯಾಯದಲ್ಲಿ ಪಿಲಿಂದವಚ್ಛ ಎಂಬ ಭಿಕ್ಷು ಸಿಕ್ಕಿದ. ಅವನಿಗೆ ತಲೆ ಸುಡುವ ನೋವು. ಬುದ್ಧ ತಲೆಗೆ ಎಣ್ಣೆ ಹಚ್ಚಲು ಒಪ್ಪಿಗೆ ಕೊಡುತ್ತಾನೆ. ವಾಸಿಯಾಗುವುದಿಲ್ಲ. ಮೂಗಿಗೆ ನಸ್ಯ. ಅದು ಹೊರಗೆ ಸೋರುತ್ತದೆ. ಹಾಗಾದರೆ ಒಂದು ನಳಿಗೆ ಇರಲಿ. ಎರಡು ಹೊಳ್ಳೆಗೂ ಸಮವಾಗಿ ಹೋಗುವುದಿಲ್ಲ. ಹಾಗಾದರೆ ಜೋಡಿ ನಳಿಗೆ. ಅದಕ್ಕೂ ಬಗ್ಗದಾಗ ಹೊಗೆ ಸೇದುವುದು. ಬತ್ತಿ ಹಚ್ಚಿ ನೇರ ಸೇದಿ ಗಂಟಲು ಸುಟ್ಟುಕೊಂಡಾಗ ಅದಕ್ಕೂ ಒಂದು ಕೊಳವೆ. ಎಲ್ಲೂ ಪವಾಡವಿಲ್ಲ. ಬುದ್ಧನಂಥ ಬುದ್ಧನೂ ಒಂದು ತಲೆನೋವಿನ ಮುಂದೆ ಬೇಸರಿಸದೆ, ಇದಾಗಲಿಲ್ಲವೇ, ಹಾಗಾದರೆ ಅದು ನೋಡೋಣ ಎನ್ನುತ್ತಾ ಹೋಗುತ್ತಾನೆ. ನನಗೆ ಇಲ್ಲದೇ ಹೋದದ್ದು ಆ ತಾಳ್ಮೆ.

ಅಪ್ಪನೂ ದಿನಾ ಬೆಳಗ್ಗೆ ಬಚ್ಚಲಲ್ಲಿ ಮೂತಿಯಿದ್ದ ಒಂದು ಪುಟ್ಟ ತಾಮ್ರದ ಗಿಂಡಿಯಿಂದ ಮೂಗಿಗೆ ನೀರು ಬಿಡುತ್ತಿದ್ದರು. ಆ ಸದ್ದಿಗೆ ನಾನು ನಗುತ್ತಿದ್ದೆ. ಅಮ್ಮ ಗಿಂಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಕಳಿಸಿದಳು. ಗಂಧಕುಟಿಯಲ್ಲಿ ಹೇಳಿದ ಸುಳ್ಳನ್ನೂ ಆಗಲೇ ಫೋನಿನಲ್ಲಿ ಒಪ್ಪಿಕೊಂಡೆ. "ಗೊತ್ತಿತ್ತು ಬಿಡು" ಅಂದಳು.

ಐದು ತಿಂಗಳಾಯಿತು. ಹಣೆಯ ಭಾರ ಇಳಿದಿದೆ. ವಾಸನೆ ಒಂದು ದಿನ ಬಂದರೆ ಎರಡು ದಿನ ಇಲ್ಲ. ರಾತ್ರಿ ಫೋನ್ ಮಾಡಿದಾಗ ಅಮ್ಮ ಊಟಕ್ಕೂ ಮೊದಲು ಅದನ್ನೇ ಕೇಳುತ್ತಾಳೆ.

"ಇವತ್ತು ಏನಾದ್ರೂ ಬಂತೇನೋ?"

"ಒಗ್ಗರಣೆ ಇಂಗಿಂದು ಬಂತಮ್ಮ. ಕಾಫಿದು ಇನ್ನೂ ಇಲ್ಲ."

"ಬರತ್ತೆ. ಶಾಲು ಹಾಗೇ ಇಟ್ಟಿದೀನಿ."