ಮಡಚಿ ಒಯ್ಯುವ ಬೇಲಿ

ಮಾರ್ಚ್‌ನಲ್ಲಿ ಅಕ್ಕನ ಮನೆಗೆ ಅಂತ ಟೆಕ್ಸಸ್‌ನ ಪ್ಲಾನೋಗೆ ಹೋಗಿದ್ದೆ. ಶನಿವಾರ ಬೆಳಗ್ಗೆಯೇ ಭಾವ ಎಬ್ಬಿಸಿದರು. "ಏಳೋ ಇಂಜಿನಿಯರ, ಬೇಲಿ ಹಾಕೋದೈತಿ." ಅಮೆರಿಕಕ್ಕೆ ಬಂದರೂ ಬೇಲಿ ತಪ್ಪಲಿಲ್ಲ ನೋಡಿ!

ಹೋಗಿದ್ದು ಹತ್ತಿರದ ಪಾರ್ಕಿಗೆ. ಇರೋದು ಒಂದೇ ಬಯಲು. ಕೆಲ ತಿಂಗಳು ಸಾಕರ್, ಕೆಲ ತಿಂಗಳು ಮಕ್ಕಳ ಬೇಸ್‌ಬಾಲ್. ಹಾಗಾಗಿ ಕಾಯಂ ಬೇಲಿ ಹಾಕೋ ಹಾಗಿಲ್ಲ.

ಅಕ್ಕನ ಮಗ ಹೋಮ್ ಪ್ಲೇಟ್ ಮೇಲೆ ಟೇಪಿನ ತುದಿ ಹಿಡಿದು ನಿಂತ. ನಾನು ಇನ್ನೊಂದು ತುದಿಯನ್ನು 200 ಅಡಿ ದೂರಕ್ಕೆ ಬಿಗಿಯಾಗಿ ಎಳೆದು, ಕಣದಲ್ಲಿ ಮೇಟಿ ಸುತ್ತೋ ಎತ್ತಿನ ಹಾಗೆ ನಡೆದೆ. ಕಾಲು ವೃತ್ತ, ಅಂದ್ರೆ ಸುಮಾರು 314 ಅಡಿ. ಹತ್ತು ಅಡಿಗೊಂದು ಕೋಲು ಅಂದುಕೊಂಡು ಭಾವ 32 ತಂದಿದ್ದರು. ಆದರೆ 32 ಅಂತರಕ್ಕೆ ಬೇಕಾಗೋದು 33 ಕೋಲು! ಬೇಲಿಕಂಬದ ಈ ತಪ್ಪು ನಾವು ಕೋಡಿಂಗ್‌ನಲ್ಲಿ ದಿನಾ ಮಾಡೋದೇ. ಅಂತರವನ್ನು ಒಂದೆರಡು ಇಂಚು ಹಿಗ್ಗಿಸಿ ಸರಿ ಮಾಡಿದೆವು.

ಅಲ್ಲಿಯದೂ ಎರೆಮಣ್ಣು, ಥೇಟ್ ನಮ್ಮ ಗದಗಿನ ಹೊಲ. ಹಸಿಯಾದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ನೆಲದ ಮಟ್ಟಕ್ಕೆ ಪ್ಲಾಸ್ಟಿಕ್ ಕೊಳವೆ ಹೂತು, ಅದರೊಳಗೆ ಫೈಬರ್‌ಗ್ಲಾಸ್ ಕೋಲು ನಿಲ್ಲಿಸಿದೆವು. ಬೇಲಿ ಕಿತ್ತ ಮೇಲೆ ಕೊಳವೆಗೆ ಮುಚ್ಚಳ ಹಾಕಲೇಬೇಕು, ಇಲ್ಲಾಂದ್ರೆ ಸಾಕರ್ ಆಡೋ ಮಕ್ಕಳ ಕಾಲು ಸಿಕ್ಕಿ ಉಳುಕುತ್ತೆ.

"ಬಲೆ ಯಾಕೆ, ಗಟ್ಟಿ ಬಟ್ಟೆ ಕಟ್ಟಿದ್ರೆ ಚೆಂದ ಅಲ್ವಾ?" ಅಂದೆ. "ಗಾಳಿ ಬೀಸಿದ್ರ ಹಡಗಿನ ಹಾಯಿ ಆಗ್ತೈತಿ," ಅಂದ್ರು ಭಾವ. ನಿಜ, ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಓದಿದ್ದು ನಾನು, ನೆನಪಿದ್ದದ್ದು ಅವರಿಗೆ.

ಬೇಲಿ ನಾಲ್ಕಡಿ ಎತ್ತರ. ಓಡಿ ಬರೋ ಮಕ್ಕಳಿಗೆ ಕಾಣಲಿ ಅಂತ ಮೇಲೆ ಹಳದಿ ಪಟ್ಟಿ. ಆದರೂ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅಕ್ಕನ ಮಗ ಆಕಾಶ ನೋಡ್ತಾ ಹಿಂದಕ್ಕೆ ಓಡಿ ಬೇಲಿಗೆ ಬಿದ್ದ. ನನ್ನೆದೆ ಧಸಕ್ಕೆಂದಿತು. ಕೋಲು ಬಿಲ್ಲಿನ ಹಾಗೆ ಬಾಗಿತು, ಬಲೆ ಅವನನ್ನು ಮೆಲ್ಲಗೆ ವಾಪಸ್ ತಳ್ಳಿತು. ಎದ್ದವನೇ ನಗ್ತಾ ಬಾಲ್ ಎಸೆದ.

ನನ್ನ ಕೈ ತಾನಾಗೇ ಗದ್ದಕ್ಕೆ ಹೋಯಿತು. ನಮ್ಮ ಶಾಲೆಯ ಮೈದಾನಕ್ಕಿದ್ದದ್ದು ಕಲ್ಲುಕಂಬ, ಮುಳ್ಳುತಂತಿ. ಏಳನೇ ಕ್ಲಾಸಲ್ಲಿ ಇಂಥದ್ದೇ ಒಂದು ಕ್ಯಾಚಿಗೆ ಓಡಿ ಆರು ಹೊಲಿಗೆ ಬಿದ್ದಿತ್ತು. ಆಮೇಲೆ ಎಷ್ಟೇ ಸುಲಭದ ಬಾಲ್ ಬಂದರೂ ನಾನು ಹಿಂದಕ್ಕೆ ಓಡಿದವನಲ್ಲ.

ಮ್ಯಾಚ್ ಮುಗಿದ ಮೇಲೆ ಹುಡುಗ ಕೂಗಿದ, "ಮಾಮಾ, ಇದು ನಿನಗೆ!" ಬಾಲ್ ನನ್ನ ತಲೆ ಮೇಲಿಂದ ಹೋಯಿತು. ಹಿಂದಕ್ಕೆ ಓಡಿದೆ. ಬಾಲ್ ಸಿಗಲಿಲ್ಲ, ಬೇಲಿ ಸಿಕ್ತು. ಬಲೆಯಲ್ಲಿ ಸಿಕ್ಕಿಕೊಂಡ ನನ್ನನ್ನು ಬಿಡಿಸೋಕೆ ಭಾವನೇ ಬರಬೇಕಾಯಿತು.