ಅಡಿಕೆಗಿಂತ ದಪ್ಪ

ಹೋದ ಚೈತ್ರದಲ್ಲಿ ಊಟಕ್ಕೆ ಕೂತ ನಮ್ಮ ಮಾವನವರು ಮೂಲೆಯಲ್ಲಿದ್ದ ಬುಟ್ಟಿಗೆ ಕೈ ಹಾಕಿ ಒಂದು ಗಡ್ಡೆ ತೆಗೆದರು. ರೊಟ್ಟಿಯ ಪಕ್ಕ ಇಟ್ಟು ಮುಷ್ಟಿಯಿಂದ ಗುದ್ದಿದರು. ಮೂಸಿ ನೋಡಿ, "ಏನ್ ಅಳಿಯಂದ್ರ, ನಿಮ್ಮೂರ ಉಳ್ಳಾಗಡ್ಡಿಗೆ ಘಾಟನ ಇಲ್ಲಲ್ಲ!" ಅಂದರು.

ಅದು ಅವ್ವನ ಗುಲಛಡಿ. ಬೀಜಕ್ಕೆಂದು ಒಣಗಿಸಿಟ್ಟದ್ದು.

ಅವ್ವನ ತವರು ಗಡಹಿಂಗ್ಲಜ. ಸುಳಕೂಡಕ್ಕೆ ಸೊಸೆಯಾಗಿ ಬರುವಾಗ ಆಕೆಯ ತಾಯಿ ಉಡಿಯೊಳಗೆ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬಿನ ಸಂಗಡ ಮೂರು ಗಡ್ಡೆಗಳನ್ನೂ ಸೇರಿಸಿದ್ದಳಂತೆ. ಮನೆಯಲ್ಲಿ ಅದು ಗುಲಛಡಿ. ಶಾಲೆಯಲ್ಲಿ ಮರಾಠಿ ಗುರುಗಳ ಬಾಯಲ್ಲಿ ನಿಶಿಗಂಧ. ಬೆಂಗಳೂರಿನ ನೆಂಟರು ಬಂದರೆ ಸುಗಂಧರಾಜ. ಮೂಲದಲ್ಲಿ ಮೆಕ್ಸಿಕೋದ ಗಿಡ. ನಮ್ಮ ಗಡಿ ತಂಟೆಯಲ್ಲಿ ಅದು ಇವತ್ತಿನವರೆಗೂ ಬಾಯಿ ಹಾಕಿಲ್ಲ.

ಅವ್ವ ಹೋದ ಮೇಲೆ ಹಿತ್ತಲು ನನ್ನ ಪಾಲಿಗೆ ಬಂತು. ಎರಿ ನೆಲ. ಅವ್ವನಿಗಿಂತ ಚೆನ್ನಾಗಿ ಬೆಳೆಸಿ ತೋರಿಸಬೇಕೆಂದು ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಹೊಯ್ದೆ. ನಮ್ಮೂರಿನಿಂದ ದೂಧಗಂಗೆಯ ನೀರನ್ನು ಇಚಲಕರಂಜಿಗೆ ಒಯ್ಯಬೇಕೋ ಬೇಡವೋ ಎಂದು ಎರಡೂ ಕಡೆಯವರು ವರ್ಷಗಟ್ಟಲೆ ಜಗಳಾಡಿದ್ದಾರೆ; ಅಂಥ ನೀರು ಅದು. ಪುಷ್ಯ ಮಳೆ ಹಿಡಿದ ವಾರ ಎಲೆಗಳು ಹಳದಿಯಾದವು. ಒಂದನ್ನು ಮೆಲ್ಲಗೆ ಎಳೆದೆ. ಗೊಂಚಲು ಗೊಂಚಲೇ ಕೈಗೆ ಬಂತು. ಬುಡದಲ್ಲಿ ಗಡ್ಡೆ ಇರಲಿಲ್ಲ, ಮಜ್ಜಿಗೆಯಂಥ ಲೋಳೆ ಇತ್ತು.

ಪಕ್ಕದ ಮನೆಯ ಅಜ್ಜಿ ಬೇಲಿ ಮೇಲಿಂದ ನೋಡಿ ಅಂದಳು: "ನಿಮ್ಮವ್ವ ಅದಕ್ಕ ನೀರ ಹಾಕಿದ್ದು ನಾ ಕಂಡೇ ಇಲ್ಲ, ತಮ್ಮಾ. ಬದುವಿನ ಮ್ಯಾಲ ಹಚ್ಚತಿದ್ಲು. ಅಡಿಕೆಗಿಂತ ಸಣ್ಣದಿದ್ರ ಹೂ ಕೇಳಬ್ಯಾಡ ಅಂತಿದ್ಲು."

ಬುಟ್ಟಿಯ ತಳದಲ್ಲಿ ಹನ್ನೊಂದು ಮರಿಗಡ್ಡೆ ಉಳಿದಿದ್ದವು, ಪುಣ್ಯ. ಮಣ್ಣನ್ನು ಮೊಳಕಾಲೆತ್ತರ ಏರಿಸಿ, ಉಸುಕು, ಹಳೆಯ ತಿಪ್ಪೆಗೊಬ್ಬರ ಬೆರೆಸಿ, ಮರುವರ್ಷ ರೋಹಿಣಿ ಮಳೆಗೆ ಎರಡು ಬೆರಳು ಆಳದಲ್ಲಿ ಊರಿದೆ. ಆಮೇಲೆ ಕೈ ಕಟ್ಟಿಕೊಂಡು ಕೂತೆ. ಇಡೀ ಕೃಷಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ನಾನು ಕಂಡಿಲ್ಲ. ಸಣ್ಣವು ಬರೀ ಎಲೆ ಬಿಟ್ಟವು. ದಪ್ಪಗಿದ್ದ ನಾಲ್ಕು ಹುಬ್ಬಿ ಮಳೆಯ ಹೊತ್ತಿಗೆ ದಂಟು ಎತ್ತಿದವು. ಒಮ್ಮೆ ಹೂ ಕೊಟ್ಟ ಗಡ್ಡೆ ಮತ್ತೆ ಕೊಡುವುದಿಲ್ಲ. ಮಗ್ಗುಲಲ್ಲಿ ಮರಿಗಳನ್ನು ಬಿಟ್ಟು ತನ್ನ ಪಾಡಿಗೆ ಸೊರಗುತ್ತದೆ. ಈಗಿರುವ ಒಂದರಲ್ಲೂ ಗಡಹಿಂಗ್ಲಜದ ಆ ಮೂರರ ಸಿಪ್ಪೆ ಕೂಡ ಉಳಿದಿರಲಾರದು.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಯಾರಿಸಿದ 'ಪ್ರಜ್ವಲ್' ತಳಿಯನ್ನೂ ತಂದು ಹಚ್ಚಿದ್ದೇನೆ. ಮೊಗ್ಗಿಗೆ ನಸುಗೆಂಪು, ಗಡ್ಡೆಯೂ ದಪ್ಪ. ಒಳ್ಳೆಯ ತಳಿ, ಸುಳ್ಳಲ್ಲ. ಆದರೂ ಅದರ ಸಾಲು ಬಚ್ಚಲ ಕಡೆಗಿದೆ.

ನಮ್ಮಲ್ಲಿ ಶೀಗಿ ಹುಣ್ಣಿಮೆಯೂ ಕೋಜಾಗಿರಿಯೂ ಒಂದೇ ದಿನ. ಹಗಲು ಹೊಲದಲ್ಲಿ ಚರಗ ಚೆಲ್ಲಿ, ರಾತ್ರಿ ಅಂಗಳದಲ್ಲಿ ಕೇಸರಿ ಹಾಲು ಕುಡಿಯುವವರು ನಾವು. ಆ ರಾತ್ರಿ ಬದುವಿನ ಕಡೆಯಿಂದ ವಾಸನೆ ಬಂದಾಗ ಹೆಂಡತಿ, "ಅತ್ತಿ ಎದ್ದು ಬಂದ್ರೇನ್ರಿ?" ಅಂದಳು. ನಾನು ಹಾಲು ಆರಿಸುತ್ತ ಕೂತಿದ್ದೆ.

ಈ ಸಲ ಗಡ್ಡೆಗಳನ್ನು ಉಳ್ಳಾಗಡ್ಡಿಯಿಂದ ದೂರ, ಅಟ್ಟದ ಮೇಲೆ ಇಟ್ಟಿದ್ದೇನೆ. ಅಡಿಕೆಗಿಂತ ದಪ್ಪದವು ನಲವತ್ತೊಂದು ಇವೆ. ಬೇಕಾದವರು ರೋಹಿಣಿ ಮಳೆಗಿಂತ ಮುಂಚೆ ಬನ್ನಿ. ಚೀಲ ತರುವುದು ಬೇಡ, ಉಡಿಯಲ್ಲಿ ಹಾಕಿ ಕೊಡುತ್ತೇನೆ. ಗಂಡಸರಾದರೆ ಟಾವೆಲ್ಲಿನ ಸೆರಗೂ ನಡೆದೀತು.