ಆದೋನಿಯಲ್ಲಿ 41.9 ಸೆಕೆಂಡು

ಚೆಂಡು ನಿಮ್ಮ ಕೈಯಲ್ಲಿದೆ. ಬುಟ್ಟಿಗೆ ಬೆನ್ನು ಕೊಟ್ಟು, ಸುಣ್ಣದ ಗೆರೆ ಪಕ್ಕ ಮೊಣಕಾಲು ಬಾಗಿಸಿ ನಿಂತಿದ್ದೀರಿ. ಕೋಸಿಗಿಯಿಂದ ರೈಲಿಗೆ ಬಂದ ಎತ್ತರದ ಹುಡುಗ ಮುಂಗೈಯನ್ನು ನಿಮ್ಮ ಸೊಂಟಕ್ಕೆ ಒತ್ತಿ ಹಿಡಿದಿದ್ದಾನೆ. ಅವನ ಉಸಿರು ನಿಮ್ಮ ಕುತ್ತಿಗೆಗೆ ತಾಕುತ್ತಿದೆ. ಈಗ ಅವನು ಡೆನಿಸ್ ರಾಡ್‌ಮನ್, ನೀವು ಕಾರ್ಲ್ ಮಲೋನ್. ಆದೋನಿಯ ಈ ಬಿರುಕುಬಿಟ್ಟ ಸಿಮೆಂಟ್ ಅಂಗಳವೇ ಸಾಲ್ಟ್ ಲೇಕ್ ಸಿಟಿಯ ಡೆಲ್ಟಾ ಸೆಂಟರ್. 1998ರ ಜೂನ್ 14, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸಿನ ಆರನೇ ಪಂದ್ಯ. ನಿಮ್ಮ ಯೂಟಾ ಜಾಝ್ 86, ಶಿಕಾಗೊ ಬುಲ್ಸ್ 85. ಚೆಂಡು ಬಿಡದಿದ್ದರೆ ಪಂದ್ಯ ನಿಮ್ಮದು.

ನೀವು ರಾಡ್‌ಮನ್ ಕಡೆ ನೋಡುತ್ತೀರಿ. ಅಪಾಯ ಅಲ್ಲೇ ಇದೆ ಅಂದುಕೊಂಡಿದ್ದೀರಿ. ಪಟ್ಟನೆ ಒಂದು ಪೆಟ್ಟು ಬೀಳುತ್ತದೆ. ಬಿದ್ದದ್ದು ನಿಮ್ಮ ಮೈಗಲ್ಲ, ಚೆಂಡಿಗೆ. ಕೈ ಖಾಲಿ. ತಿರುಗಿ ನೋಡಿದರೆ ಕೌತಾಳಂನ ಹುಡುಗಿ, ಹತ್ತನೇ ತರಗತಿಯವಳು, ಎರಡು ಜಡೆ ಹಾರಿಸಿಕೊಂಡು ಚೆಂಡು ಬಡಿಯುತ್ತ ಆಚೆ ದಡಕ್ಕೆ ಹೊರಟೇಬಿಟ್ಟಿದ್ದಾಳೆ.

"ನಿಲ್ಲಮ್ಮಾ!" ಪಿ.ಟಿ. ಮೇಷ್ಟ್ರ ಸೀಟಿ. "ಮತ್ತೊಮ್ಮೆ. ಈ ಸಲ ಎಲ್ಲರೂ ಆಕಿ ಕಾಲ್ ನೋಡ್ರಿ, ಕೈ ಬ್ಯಾಡ."

ಜನವರಿ ಸಂಜೆ. ರಣಮಂಡಲ ಬೆಟ್ಟದ ಬಂಡೆಗಳು ಕೆಂಪಗಾಗಿವೆ. ಹತ್ತಿ ಹೇರಿದ ಲಾರಿಗಳು ಮಾರ್ಕೆಟ್ ಯಾರ್ಡಿನ ಕಡೆ ಸಾಗುತ್ತಿವೆ, ಅವುಗಳಿಂದ ಉದುರಿದ ಬಿಳಿ ಎಳೆಗಳು ಅಂಗಳದ ತಂತಿಬೇಲಿಗೆ ಸಿಕ್ಕಿಕೊಂಡಿವೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ತಾಲ್ಲೂಕು ಇದು. ಮಕ್ಕಳ ಬಾಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. "ಪಾಸ್ ಇವ್ವು ರಾ", "ಇಕಡೆ ಹಾಕೋ", "ಅರೇ ಛೋಡ್", ಎಲ್ಲ ಎಲ್ಲರಿಗೂ ತಿಳಿಯುತ್ತದೆ.

ಇದೆಲ್ಲ ಶುರುವಾದದ್ದು ಒಂದು ಜಗಳದಿಂದ. ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು? ಕೋಸಿಗಿ ಹುಡುಗನಿಗೆ ಲೆಬ್ರಾನ್ ಜೇಮ್ಸ್. 2023ರ ಫೆಬ್ರುವರಿಯಲ್ಲಿ ಕರೀಂ ಅಬ್ದುಲ್ ಜಬ್ಬಾರರ 38,387 ಅಂಕಗಳನ್ನು ದಾಟಿ, ಮರುವರ್ಷ 40,000 ಮುಟ್ಟಿದ ಮನುಷ್ಯನನ್ನು ಬಿಟ್ಟು ಬೇರೆ ಯಾರ ಹೆಸರು ಹೇಳುವುದು ಎಂಬುದು ಅವನ ವಾದ. ಇನ್ನೊಬ್ಬ 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದ ವಿಲ್ಟ್ ಚೇಂಬರ್ಲೇನನ್ನು ಎಳೆದುತಂದ. ಮೇಷ್ಟ್ರು ಬಿಲ್ ರಸೆಲ್ ಹೆಸರು ಹೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಪಂದ್ಯಕ್ಕೆ ಸರಾಸರಿ 15 ಅಂಕವಷ್ಟೇ, ಆದರೆ ಆಡಿದ 13 ವರ್ಷಗಳಲ್ಲಿ 11 ಪ್ರಶಸ್ತಿ. ಎದುರಾಳಿಯ ಎಸೆತ ತಡೆದರೂ ಚೆಂಡನ್ನು ಪ್ರೇಕ್ಷಕರ ಮೇಲೆ ಬಾರಿಸದೆ ತನ್ನವರ ಕೈಗೆ ಬೀಳುವಂತೆ ತಟ್ಟುತ್ತಿದ್ದವರು. ಮಕ್ಕಳು ಸುಮ್ಮನಾದರು. ಅಂಕ ಎಣಿಸುವುದು ಸುಲಭ, ಇಂಥದ್ದನ್ನು ಎಲ್ಲಿ ಬರೆದಿಡುವುದು? ಆಗಲೇ ಮೇಷ್ಟ್ರು ಮೊಬೈಲ್ ತೆಗೆದು 1998ರ ಆ ಪಂದ್ಯದ ಹಳೆಯ ವೀಡಿಯೊ ತೋರಿಸಿ, "ಬರ್ರಿ, ಆಡೇ ನೋಡೋಣ" ಅಂದದ್ದು.

ಈಗ ಜಾಗ ಬದಲು. ನೀವು ಮೈಕೆಲ್ ಜೋರ್ಡನ್, ವಯಸ್ಸು 35. ಜೊತೆಗಾರ ಸ್ಕಾಟಿ ಪಿಪ್ಪನ್‌ಗೆ ಬೆನ್ನುನೋವು, ಹೊರೆಯೆಲ್ಲ ನಿಮ್ಮ ಮೇಲೆ. ಕಾಲು ಸೋತಿದೆ. ಗಡಿಯಾರದಲ್ಲಿ 41.9 ಸೆಕೆಂಡು, ಮೂರು ಅಂಕ ಹಿಂದಿದ್ದೀರಿ. ಬಲಕ್ಕೆ ನುಗ್ಗಿ ಬೋರ್ಡಿಗೆ ತಾಗಿಸಿ ಹಾಕುತ್ತೀರಿ. 37.1 ಸೆಕೆಂಡು, ಅಂತರ ಒಂದಕ್ಕೆ ಇಳಿಯಿತು. ಸಂಭ್ರಮಿಸಲು ಹೊತ್ತಿಲ್ಲ, ತಿರುಗಿ ಓಡಿ.

ನೀವು ಕಾಯಬೇಕಾದವನು ಜೆಫ್ ಹಾರ್ನಸೆಕ್. ಅವನು ಬುಟ್ಟಿಯ ಕೆಳಗಿನಿಂದ ಹಾಯ್ದು ಆಚೆ ಬದಿಗೆ ಓಡುತ್ತಾನೆ. ವಾಡಿಕೆಯಂತೆ ನೀವೂ ಬೆನ್ನಟ್ಟಬೇಕು. ಮೇಷ್ಟ್ರು ಕಾಲು ನೋಡಿ ಅಂದದ್ದು ಇಲ್ಲೇ. ಒಂದು ಹೆಜ್ಜೆ ಅವನ ಹಿಂದೆ ಹೋಗಿ, ನಿಲ್ಲುತ್ತೀರಿ. ಮಲೋನ್‌ಗೆ ನಿಮ್ಮ ಸುಳಿವಿಲ್ಲ. ಹಾರ್ನಸೆಕ್‌ನನ್ನು ಬಿಟ್ಟುಕೊಟ್ಟದ್ದು ದೊಡ್ಡ ಅಪಾಯ: ಮಲೋನ್ ಅರೆಕ್ಷಣ ಮೊದಲು ತಲೆ ಎತ್ತಿದ್ದರೆ ಖಾಲಿ ನಿಂತವನ ಕೈಗೆ ಚೆಂಡು, ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಅಂತ್ಯರೇಖೆಯ ಕಡೆಯಿಂದ ಹಿಂದಕ್ಕೆ ಬಂದು ಕೈ ಬೀಸುತ್ತೀರಿ. ಚೆಂಡು ನಿಮ್ಮದು. 18.9 ಸೆಕೆಂಡು.

ಶ್ರೇಷ್ಠತೆ ಎಂದರೆ ನನಗೆ ಈ ನಿಂತ ಹೆಜ್ಜೆ. ಕೈಯಲ್ಲಿ ಚೆಂಡಿಲ್ಲ, ಮೈಯಲ್ಲಿ ಕಸುವಿಲ್ಲ, ಆದರೂ ಹತ್ತು ಜನರ ಮುಂದಿನ ನಡೆ ಕಣ್ಣಿಗೆ ಕಾಣುತ್ತಿದೆ. ಲೆಬ್ರಾನ್ ಅಭಿಮಾನಿಗಳ ಜೊತೆ ನಾನು ಅಂಕದ ಲೆಕ್ಕದಲ್ಲಿ ವಾದಕ್ಕಿಳಿಯುವುದಿಲ್ಲ, ಅಲ್ಲಿ ಸೋಲು ಖಚಿತ. ಆದರೆ 1988ರಲ್ಲಿ ಲೀಗಿನಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಅಂಕ ಹೊಡೆದ ಜೋರ್ಡನ್ನೇ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೂ ಆಗಿದ್ದ, ಮತ್ತು ಹತ್ತು ವರ್ಷದ ಬಳಿಕ ಎರಡೂ ಒಂದೇ ನಿಮಿಷದೊಳಗೆ ಒದಗಿ ಬಂದವು.

ಟೈಮ್‌ಔಟ್ ಇಲ್ಲ, ತರಬೇತುದಾರ ಫಿಲ್ ಜಾಕ್ಸನ್ ಕರೆಯಲಿಲ್ಲ. ಎದುರಿಗೆ ಬ್ರಯಾನ್ ರಸೆಲ್. ಬಲಕ್ಕೆ ಹೊರಟವರು ಗಕ್ಕನೆ ನಿಲ್ಲುತ್ತೀರಿ, ಅವನು ಜಾರುತ್ತಾನೆ. ಆ ಹೊತ್ತಿಗೆ ಜೋರ್ಡನ್ 34 ಸಲ ಎಸೆದು 14 ಮಾತ್ರ ಬುಟ್ಟಿಗೆ ಹಾಕಿದ್ದ. ಮೂವತ್ತೈದನೆಯದು ನಿಮ್ಮ ಕೈಯಿಂದ ಹೊರಡುತ್ತದೆ. ಬಲೆ ಇಲ್ಲದ ಬರಿಯ ಕಬ್ಬಿಣದ ಬಳೆ ನಮ್ಮದು, ಒಳಗೆ ಹೋದದ್ದು ಸದ್ದಿನಿಂದ ತಿಳಿಯುವುದಿಲ್ಲ, ಕಣ್ಣಿಂದಲೇ ನೋಡಬೇಕು. ಹೋಯಿತು. 87-86.

"ನಮ್ಮವರ್ಯಾರೂ ಇಲ್ವಾ ಸಾರ್?" ಜಡೆಯ ಹುಡುಗಿ ನೀರು ಕುಡಿಯುತ್ತ ಕೇಳುತ್ತಾಳೆ. ಮೇಷ್ಟ್ರ ಮುಖ ಅರಳುತ್ತದೆ. 2017ರ ಜುಲೈ, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ, ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್. ಭಾರತ 75, ಕಜಕಿಸ್ತಾನ 73. ತಂಡದಲ್ಲಿ ಚೆನ್ನೈನ ಅನಿತಾ ಪಾಲ್‌ದುರೈ. ಹತ್ತೊಂಬತ್ತಕ್ಕೇ ಭಾರತದ ನಾಯಕಿಯಾದವರು, ಮಗುವಾದ ಮೇಲೂ ಅಂಗಳಕ್ಕೆ ಮರಳಿ 32ನೇ ವಯಸ್ಸಿನಲ್ಲಿ ಆಡುತ್ತಿದ್ದರು. 2021ರಲ್ಲಿ ಪದ್ಮಶ್ರೀ ಬಂತು. ಹುಡುಗಿ ಆ ಹೆಸರನ್ನು ಎರಡು ಸಲ ಹೇಳಿಕೊಳ್ಳುತ್ತಾಳೆ.

"ಆಟ ಇನ್ನೂ ಮುಗಿದಿಲ್ಲ," ಮೇಷ್ಟ್ರು ಸೀಟಿ ಊದುತ್ತಾರೆ. ಹೌದು, 5.2 ಸೆಕೆಂಡು ಬಾಕಿ ಇದೆ. ಲೋಕವೆಲ್ಲ ಜೋರ್ಡನ್ ಎತ್ತಿ ಹಿಡಿದ ಕೈಯಲ್ಲೇ ಚಿತ್ರ ನಿಲ್ಲಿಸಿಬಿಡುತ್ತದೆ. ಆದರೆ ಚೆಂಡು ಈಗ ಜಾನ್ ಸ್ಟಾಕ್ಟನ್‌ನದು, ಅವನ ಎದುರು ರಾನ್ ಹಾರ್ಪರ್ ಇರಬೇಕು.

"ಹಾರ್ಪರ್ ಯಾರಾಗ್ತೀರಿ?"

ಯಾರೂ ಕೈ ಎತ್ತುವುದಿಲ್ಲ. ಎಲ್ಲರಿಗೂ ಜೋರ್ಡನ್ನೇ ಬೇಕು. ಕೊನೆಗೆ ಲೆಬ್ರಾನ್ ಪರ ವಾದಿಸಿದ ಕೋಸಿಗಿ ಹುಡುಗ ಮುಂದೆ ಬರುತ್ತಾನೆ. ನೀವು ಸ್ಟಾಕ್ಟನ್. ಮೂರು ಅಂಕದ ಗೆರೆಯಾಚೆಯಿಂದ ಎಸೆಯುತ್ತೀರಿ, ಅವನು ಕೈ ಚಾಚಿ ಮೇಲಕ್ಕೆ ಹಾರುತ್ತಾನೆ. ಚೆಂಡು ಬಳೆಗೆ ಬಡಿದು ಹೊರಗೆ. ಅವತ್ತು ಅಲ್ಲಿಯೂ ಹೀಗೇ ಆಗಿತ್ತು.